ಸಸ್ಯ ಈಸ್ಟ್ರೊಜನ್: ಲೆಕ್ಕ ತಪ್ಪುವುದೆಲ್ಲಿ?

ಅಂತಿಮ ಬಿ.ಎಸ್ಸಿ. ತರಗತಿಯಲ್ಲಿ ಅಳತೆಯ ದೋಷಗಳ ಬಗ್ಗೆ ಪಾಠ ಮಾಡುತ್ತಿದ್ದ ಒಂದು ದಿನ. ಪಾಠ ಮುಗಿದ ಮೇಲೆ ವಿದ್ಯಾರ್ಥಿನಿಲಯದಲ್ಲಿರುವ ಹುಡುಗನೊಬ್ಬ ಹತ್ತಿರ ಬಂದ. "ಸರ್, ಮೆಸ್‌ನಲ್ಲಿ ವಾರಕ್ಕೆರಡು ದಿನ ಸೋಯಾ ಚಂಕ್ಸ್ ಪಲ್ಯ ಮಾಡ್ತಾರೆ. ಅದರಲ್ಲಿ ಹೆಂಗಸರ ಹಾರ್ಮೋನು ಇದೆಯಂತೆ. ನಮ್ಮ ಕೊಠಡಿಯವರೆಲ್ಲ ತಿನ್ನೋದು ಬಿಟ್ಟಿದ್ದೇವೆ. ನಿಜವೇ ಸರ್?" ಎಂದು ಕೇಳಿದ. ಮೊಬೈಲಿನಲ್ಲಿ ಬಂದ ಸಂದೇಶವನ್ನೂ ತೋರಿಸಿದ. ಅದರಲ್ಲಿ ಒಂದು ಸಂಖ್ಯೆ, ಒಂದು ವಿದೇಶಿ ನಿಯತಕಾಲಿಕದ ಹೆಸರು, ಕೊನೆಯಲ್ಲಿ ನಾಲ್ಕು ಆಶ್ಚರ್ಯಸೂಚಕ ಚಿಹ್ನೆಗಳಿದ್ದವು.

ಅದೇ ವಾರ ಮನೆಗೆ ಬಂದ ದಿನಪತ್ರಿಕೆಯೊಳಗೆ ಒಂದು ಕರಪತ್ರವಿತ್ತು. ಮುಟ್ಟು ನಿಂತ ಮಹಿಳೆಯರ ಎಲ್ಲ ತೊಂದರೆಗಳಿಗೂ ಸೋಯಾಅವರೆಯಿಂದ ತೆಗೆದ 'ಸಹಜ ಹಾರ್ಮೋನು' ಮಾತ್ರೆಯೇ ಪರಿಹಾರ ಎಂದು ಅದು ಸಾರುತ್ತಿತ್ತು. ಒಂದೇ ಕಾಳು, ಒಬ್ಬರಿಗೆ ವಿಷ, ಇನ್ನೊಬ್ಬರಿಗೆ ಅಮೃತ. ಸ್ವಾರಸ್ಯವೆಂದರೆ ಎರಡೂ ಕಡೆಯವರು ಬಳಸುವ ವಾದದ ಬೇರು ಒಂದೇ: ಸಸ್ಯದಲ್ಲಿ ಈಸ್ಟ್ರೊಜನ್‌ನಂಥ ವಸ್ತುವಿದೆ, ಆದ್ದರಿಂದ ಅದನ್ನು ತಿಂದರೆ ಈಸ್ಟ್ರೊಜನ್ ತಿಂದಂತೆಯೇ.

ನಾನು ಭೌತವಿಜ್ಞಾನದ ಮೇಷ್ಟ್ರು. ವೈದ್ಯನಲ್ಲ, ಜೀವರಸಾಯನ ಶಾಸ್ತ್ರಜ್ಞನೂ ಅಲ್ಲ. ಆದರೆ ಒಂದು ವಾದದಲ್ಲಿ ಅಳತೆ ಎಲ್ಲಿ ಮುಗಿಯಿತು, ಊಹೆ ಎಲ್ಲಿ ಆರಂಭವಾಯಿತು ಎಂದು ನೋಡುವುದು ನಮ್ಮ ವೃತ್ತಿಯ ಅಭ್ಯಾಸ. ಆ ದೃಷ್ಟಿಯಿಂದ ಈ ವಿಷಯದಲ್ಲಿ ಪದೇ ಪದೇ ಎದುರಾಗುವ ಕೆಲವು ಅಧ್ಯಯನಗಳನ್ನು, ಅವುಗಳ ಮೇಲೆ ಕಟ್ಟಿದ ವಾದಗಳನ್ನು ಇಲ್ಲಿ ವಿಮರ್ಶಿಸಿದ್ದೇನೆ. ಆ ಹುಡುಗನಿಗೆ ನಾನೇ ಕರಿಹಲಗೆಯ ಮೇಲೆ ಬರೆದುಕೊಟ್ಟ ಲೆಕ್ಕವೂ ವಿಮರ್ಶೆಗೆ ಒಳಪಟ್ಟಿದೆ.

ಹೆಸರೇ ತಂದ ಗೊಂದಲ

'ಸಸ್ಯ ಈಸ್ಟ್ರೊಜನ್' ಎಂಬ ಹೆಸರು ಸಸ್ಯದ ದೃಷ್ಟಿಯಿಂದ ಇಟ್ಟದ್ದಲ್ಲ, ನಮ್ಮ ದೃಷ್ಟಿಯಿಂದ ಇಟ್ಟದ್ದು. ಸೋಯಾಅವರೆ ಗಿಡ ಜೆನಿಸ್ಟೀನ್, ಡೈಡ್ಜೀನ್ ಎಂಬ ಐಸೊಫ್ಲೇವೋನ್‌ಗಳನ್ನು ತಯಾರಿಸುವುದು ತನ್ನ ಕೆಲಸಕ್ಕೆ. ಬೇರಿನ ಬಳಿಯ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾಗಳಿಗೆ 'ಬನ್ನಿ, ಗಂಟು ಕಟ್ಟಿ' ಎಂದು ಸಂಕೇತ ಕೊಡಲು ಮತ್ತು ಶಿಲೀಂಧ್ರಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಅವು ಬೇಕು. ಅವು ಪ್ರಾಣಿಯ ದೇಹದೊಳಗೆ ಹೋದಾಗ ಈಸ್ಟ್ರೊಜನ್ ಗ್ರಾಹಕಗಳಿಗೆ ಅಂಟಿಕೊಳ್ಳುವುದು ಆಕಾರದ ಆಕಸ್ಮಿಕ.

ಆಕಾರದ ಹೋಲಿಕೆ ಮಾತ್ರ ನಿಜ. ನಮ್ಮ ದೇಹದ ಮುಖ್ಯ ಈಸ್ಟ್ರೊಜನ್ ಆದ ಈಸ್ಟ್ರಡಯೋಲ್‌ನ ಅಣುತೂಕ ಸುಮಾರು 272, ಜೆನಿಸ್ಟೀನ್‌ನದು 270. ಈಸ್ಟ್ರಡಯೋಲ್ ನಾಲ್ಕು ಉಂಗುರಗಳ ಸ್ಟಿರಾಯ್ಡ್. ಜೆನಿಸ್ಟೀನ್ ಸ್ಟಿರಾಯ್ಡ್ ಅಲ್ಲ. ಆದರೂ ಎರಡೂ ಚಪ್ಪಟೆಯಾಗಿವೆ, ಎರಡರ ತುದಿಗಳಲ್ಲೂ ಹೈಡ್ರಾಕ್ಸಿಲ್ ಗುಂಪುಗಳಿವೆ, ಆ ಗುಂಪುಗಳ ನಡುವಿನ ಅಂತರವೂ ಹೆಚ್ಚುಕಡಿಮೆ ಒಂದೇ. ಗ್ರಾಹಕವೆಂಬ ಬೀಗ ಆ ಅಂತರವನ್ನು ಗುರುತಿಸುತ್ತದೆ.

ಇಂಥ ವಸ್ತುಗಳಲ್ಲಿ ಮೂರು ಮುಖ್ಯ ಗುಂಪುಗಳಿವೆ. ಐಸೊಫ್ಲೇವೋನ್‌ಗಳು ಹೇರಳವಾಗಿರುವುದು ಸೋಯಾಅವರೆಯಲ್ಲಿ. ಒಣಕಾಳಿನ 100 ಗ್ರಾಂಗೆ ಸುಮಾರು 100ರಿಂದ 300 ಮಿಲಿಗ್ರಾಂ. ಕಡಲೆ ಮೊದಲಾದ ನಮ್ಮ ಇತರ ಬೇಳೆಕಾಳುಗಳಲ್ಲಿ ಇವು ಬಹಳ ಕಡಿಮೆ. ಎರಡನೆಯ ಗುಂಪು ಲಿಗ್ನಾನ್‌ಗಳು. ಅಗಸೆ ಬೀಜ ಇವುಗಳ ಕಣಜ, 100 ಗ್ರಾಂಗೆ ಸುಮಾರು 300 ಮಿಲಿಗ್ರಾಂ. ಎಳ್ಳಿನಲ್ಲೂ ಇಡಿ ಧಾನ್ಯಗಳಲ್ಲೂ ಇವೆ. ಕರುಳಿನ ಬ್ಯಾಕ್ಟೀರಿಯಾಗಳು ಇವನ್ನು ಎಂಟೆರೊಲ್ಯಾಕ್ಟೋನ್ ಮುಂತಾದ ವಸ್ತುಗಳಾಗಿ ಬದಲಿಸುತ್ತವೆ. ಮೂರನೆಯದು ಕೌಮೆಸ್ಟಾನ್‌ಗಳು, ಕುದುರೆಮಸಾಲೆ ಸೊಪ್ಪಿನಲ್ಲಿ, ಕೆಲವು ಮೊಳಕೆಗಳಲ್ಲಿ ದೊರೆಯುತ್ತವೆ.

ಉತ್ತರ ಕರ್ನಾಟಕದಲ್ಲಿ ರೊಟ್ಟಿಯೊಡನೆ ಅಗಸಿ ಹಿಂಡಿಯನ್ನು ತಲೆಮಾರುಗಳಿಂದ ತಿನ್ನುತ್ತಿದ್ದಾರೆ. ಅದೂ ಸಸ್ಯ ಈಸ್ಟ್ರೊಜನ್ ಆಹಾರವೇ. ಅದರ ಬಗ್ಗೆ ಯಾರಿಗೂ ಭಯವಿಲ್ಲ. ಹೀಗಾಗಿ ಭಯಕ್ಕೂ ವಸ್ತುವಿನ ಪ್ರಮಾಣಕ್ಕೂ ನೇರ ಸಂಬಂಧವಿಲ್ಲ ಎಂಬುದನ್ನು ಆರಂಭದಲ್ಲೇ ಗಮನಿಸಬಹುದು.

ಕುರಿಗಳು ಕೊಟ್ಟ ಸಾಕ್ಷ್ಯ

'ಸಸ್ಯದಲ್ಲಿರುವುದು ಪ್ರಾಣಿಯ ಹಾರ್ಮೋನು ವ್ಯವಸ್ಥೆಯನ್ನು ಕದಡಲಾರದು' ಎಂದು ತಳ್ಳಿಹಾಕುವವರೂ ಇದ್ದಾರೆ. ಅವರಿಗೆ ಪಶ್ಚಿಮ ಆಸ್ಟ್ರೇಲಿಯಾದ ಕುರಿಗಳೇ ಉತ್ತರ. 1940ರ ದಶಕದಲ್ಲಿ ಅಲ್ಲಿನ ಕುರಿಮಂದೆಗಳಲ್ಲಿ ಬಂಜೆತನ ವ್ಯಾಪಕವಾಗಿ ಕಾಣಿಸಿತು. ಹೆರಿಗೆ ಕಷ್ಟವಾಗುತ್ತಿತ್ತು, ಗರ್ಭಕೋಶ ಜಾರುತ್ತಿತ್ತು, ಗಬ್ಬವಾಗದ ಕುರಿಗಳ ಕೆಚ್ಚಲಿನಲ್ಲೂ ಹಾಲು ಕಾಣಿಸುತ್ತಿತ್ತು. 1946ರಲ್ಲಿ ಬೆನೆಟ್ಸ್, ಅಂಡರ್‌ವುಡ್ ಮತ್ತು ಶಿಯರ್ ಇದನ್ನು ವರದಿ ಮಾಡಿ, ಮಂದೆ ಮೇಯುತ್ತಿದ್ದ ಒಂದು ಜಾತಿಯ ಕ್ಲೋವರ್ ಹುಲ್ಲಿನತ್ತ ಬೊಟ್ಟು ಮಾಡಿದರು. ಆ ಹುಲ್ಲಿನ ಫಾರ್ಮೊನೊನೆಟಿನ್ ಎಂಬ ವಸ್ತು ಕುರಿಯ ಮೆಲುಕು ಹೊಟ್ಟೆಯಲ್ಲಿ ಡೈಡ್ಜೀನ್ ಆಗಿ, ಬಳಿಕ ಈಕ್ವೋಲ್ ಆಗಿ ಬದಲಾಗುತ್ತದೆಂದು ಮುಂದೆ ತಿಳಿಯಿತು. ಈಕ್ವೋಲ್ ಸಾಕಷ್ಟು ಸಮರ್ಥ ಈಸ್ಟ್ರೊಜನ್. 1932ರಲ್ಲಿ ಹೆಣ್ಣು ಕುದುರೆಯ ಮೂತ್ರದಿಂದ ಅದನ್ನು ಮೊದಲು ಬೇರ್ಪಡಿಸಿದ್ದರಿಂದ ಕುದುರೆಯ ಲ್ಯಾಟಿನ್ ಹೆಸರನ್ನೇ ಅದಕ್ಕಿಟ್ಟರು.

ಈ ಸಾಕ್ಷ್ಯ ಗಟ್ಟಿಯಾದದ್ದು. ಆದರೆ ಅದು ಏನನ್ನು ಸಾಧಿಸುತ್ತದೆ? ಸಸ್ಯದ ವಸ್ತು ಸಸ್ತನಿಯೊಂದರ ಸಂತಾನಶಕ್ತಿಯನ್ನು ಕೆಡಿಸಬಲ್ಲದು ಎಂಬುದನ್ನು ಸಾಧಿಸುತ್ತದೆ. ಆ ಕುರಿಗಳಿಗೆ ಕ್ಲೋವರ್ ಊಟದ ಜೊತೆಯ ಪಲ್ಯವಾಗಿರಲಿಲ್ಲ. ತಿಂಗಳುಗಟ್ಟಲೆ ಅದೇ ಊಟವಾಗಿತ್ತು. ಮೇಲಾಗಿ ಅವುಗಳ ಮೆಲುಕು ಹೊಟ್ಟೆ ಈಕ್ವೋಲ್ ತಯಾರಿಸುವ ಕಾರ್ಖಾನೆ. ಕುರಿಯಿಂದ ಮನುಷ್ಯನಿಗೆ ಹೋಗುವ ಮುನ್ನ ಪ್ರಮಾಣ ಮತ್ತು ಜೀರ್ಣಕ್ರಿಯೆ ಎಂಬ ಎರಡು ಸೇತುವೆಗಳನ್ನು ದಾಟಬೇಕು. ಭಯ ಹುಟ್ಟಿಸುವ ಬರಹಗಳು ಈ ಎರಡನ್ನೂ ದಾಟದೆ ಹಾರಿಬಿಡುತ್ತವೆ.

ಕರಿಹಲಗೆಯ ಮೇಲಿನ ಲೆಕ್ಕ

ಈಗ ನನ್ನ ಲೆಕ್ಕಕ್ಕೆ ಬರುತ್ತೇನೆ. ಹುಡುಗನಿಗೆ ಧೈರ್ಯ ಹೇಳಬೇಕೆಂದು ಸೀಮೆಸುಣ್ಣ ತೆಗೆದುಕೊಂಡೆ. ಸೋಯಾ ಆಹಾರ ವಾಡಿಕೆಯಲ್ಲಿರುವ ಜಪಾನಿನ ಪುರುಷರ ರಕ್ತದಲ್ಲಿ ಜೆನಿಸ್ಟೀನ್ ಸರಾಸರಿ ಲೀಟರಿಗೆ 276 ನ್ಯಾನೊಮೋಲ್ ಇದ್ದುದನ್ನು ಆಡ್ಲರ್‌ಕ್ರೂಟ್ಸ್ ಮತ್ತು ಸಂಗಡಿಗರು 1993ರಲ್ಲಿ ವರದಿ ಮಾಡಿದ್ದರು. ವಯಸ್ಕ ಪುರುಷನ ರಕ್ತದಲ್ಲಿ ಈಸ್ಟ್ರಡಯೋಲ್ ಸುಮಾರು 0.1 ನ್ಯಾನೊಮೋಲ್. ಹೌದು, ಗಂಡಸರ ದೇಹದಲ್ಲೂ ಈಸ್ಟ್ರೊಜನ್ ಇದೆ, ಅವರ ಮೂಳೆಗೆ ಅದು ಬೇಕೇ ಬೇಕು. 'ಹೆಂಗಸರ ಹಾರ್ಮೋನು' ಎಂಬ ಮಾತೇ ಅರ್ಧ ಸತ್ಯ. ಇರಲಿ. ಎರಡರ ಅನುಪಾತ 2,760.

ಈ ಅನುಪಾತದಿಂದಲೇ ಭಯದ ಬರಹಗಳು ಹುಟ್ಟುತ್ತವೆ. ಆದರೆ ಜೆನಿಸ್ಟೀನ್ ಗ್ರಾಹಕಕ್ಕೆ ಅಂಟುವ ಬಲ ಕಡಿಮೆ. ಈಸ್ಟ್ರೊಜನ್ ಗ್ರಾಹಕದ ಆಲ್ಫಾ ಬಗೆಗೆ ಅದು ಎಷ್ಟು ಪಟ್ಟು ದುರ್ಬಲವಾಗಿ ಅಂಟುತ್ತದೆ ಎಂಬುದು ಪ್ರಯೋಗದಿಂದ ಪ್ರಯೋಗಕ್ಕೆ ಬದಲಾಗುತ್ತದೆ. ಲೆಕ್ಕದ ಸಲುವಾಗಿ 100 ಪಟ್ಟು ಎಂದಿಟ್ಟುಕೊಂಡೆ. 2,760ನ್ನು 100ರಿಂದ ಭಾಗಿಸಿದರೆ ಸುಮಾರು 27. ಇನ್ನೂ ಭಯವೇ.

ಮುಂದಿನ ಹೆಜ್ಜೆಯಲ್ಲಿ ನನ್ನ ತುರುಪು ಹೊರತೆಗೆದೆ. ನಾವು ತಿಂದ ಐಸೊಫ್ಲೇವೋನ್ ಕರುಳಿನ ಗೋಡೆಯಲ್ಲೂ ಪಿತ್ತಜನಕಾಂಗದಲ್ಲೂ ಗ್ಲುಕುರೊನೈಡ್, ಸಲ್ಫೇಟ್ ಗುಂಪುಗಳೊಡನೆ ಬೆಸೆದುಕೊಳ್ಳುತ್ತದೆ. ಹಾಗೆ ಬೆಸೆದುಕೊಂಡದ್ದು ಗ್ರಾಹಕದ ಬೀಗಕ್ಕೆ ಸರಿಯಾಗಿ ಕೂರುವುದಿಲ್ಲ. ರಕ್ತದಲ್ಲಿ ಬಿಡಿಯಾಗಿ ಉಳಿಯುವುದು ಶೇಕಡ ಕೆಲವೇ ಭಾಗ, 2 ಎನ್ನೋಣ. 27ರ ಶೇಕಡ 2 ಎಂದರೆ ಸುಮಾರು 0.55. ಅಂದರೆ ಸೋಯಾದ ಪ್ರಭಾವ ದೇಹದ ಸ್ವಂತ ಈಸ್ಟ್ರಡಯೋಲ್‌ನ ಅರ್ಧದಷ್ಟು. ಅದೂ ಸೋಯಾವನ್ನು ದಿನವೂ ತಿನ್ನುವ ದೇಶದಲ್ಲಿ. "ನೋಡಿದೆಯಾ? 2,760 ಎಲ್ಲಿ, ಅರ್ಧ ಎಲ್ಲಿ!" ಎಂದು ಕೈಯ ಸುಣ್ಣ ಕೊಡವಿಕೊಂಡೆ.

ಹುಡುಗ ತಲೆಯಾಡಿಸಿ ಹೋದ. ಮರುದಿನ ತನ್ನ ಗೆಳತಿಯೊಬ್ಬಳನ್ನು ಕರೆತಂದ; ಆಕೆ ಪ್ರಾಣಿವಿಜ್ಞಾನದ ವಿದ್ಯಾರ್ಥಿನಿ. "ಸರ್, ಈಸ್ಟ್ರಡಯೋಲ್ ಕೂಡ ರಕ್ತದಲ್ಲಿ ಪ್ರೋಟೀನ್‌ಗಳಿಗೆ ಅಂಟಿಕೊಂಡಿರುತ್ತದಲ್ಲ? ಬಿಡಿಯಾಗಿರೋದು ಶೇಕಡ 2 ಅಂತ ನಮ್ಮ ಪಠ್ಯದಲ್ಲಿದೆ. ನೀವು ಜೆನಿಸ್ಟೀನಿಗೆ ಕಳೆದಿರಿ, ಅದಕ್ಕೆ ಕಳೆಯಲಿಲ್ಲ" ಎಂದಳು. ಆಕೆ ಹೇಳಿದ್ದು ಸರಿ. 0.55ನ್ನು 0.02ರಿಂದ ಭಾಗಿಸಿದರೆ ಮತ್ತೆ 27!

ಈ ಲೆಕ್ಕವನ್ನು ಮುಂದುವರಿಸಬಹುದು. ಜೆನಿಸ್ಟೀನ್ ಕೂಡ ಆಲ್ಬುಮಿನ್‌ಗೆ ಸ್ವಲ್ಪ ಅಂಟುತ್ತದೆ; ಆಗ ಸಂಖ್ಯೆ ಇಳಿಯುತ್ತದೆ. ಬೆಸೆದುಕೊಂಡ ಅಣುಗಳನ್ನು ಕೆಲವು ಅಂಗಾಂಶಗಳ ಕಿಣ್ವಗಳು ಮತ್ತೆ ಬಿಡಿಸಬಲ್ಲವು, ಆಗ ಏರುತ್ತದೆ. 1996ರಲ್ಲಿ ಸ್ವೀಡನ್ನಿನ ಕೈಪರ್, ಗುಸ್ಟಾಫ್ಸನ್ ಮತ್ತು ಸಂಗಡಿಗರು ಗ್ರಾಹಕದ ಬೀಟಾ ಬಗೆಯನ್ನು ಕಂಡುಹಿಡಿದರು. ಜೆನಿಸ್ಟೀನ್ ಆಲ್ಫಾಗಿಂತ ಬೀಟಾಗೆ ಹಲವು ಪಟ್ಟು ಬಿಗಿಯಾಗಿ ಅಂಟುತ್ತದೆ. ಆಗ ಮತ್ತೊಮ್ಮೆ ಏರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಂಟುವುದೇ ಬೇರೆ, ಕೆಲಸ ಮಾಡುವುದೇ ಬೇರೆ. ಬೀಗದೊಳಗೆ ಹೊಕ್ಕ ಕೀಲಿಯೆಲ್ಲ ಬಾಗಿಲು ತೆರೆಯುವುದಿಲ್ಲ. ಕೆಲವು ಅರ್ಧ ತಿರುಗಿ ನಿಂತು, ನಿಜವಾದ ಕೀಲಿಗೂ ಅಡ್ಡಬರುತ್ತವೆ.

ಒಂದೊಂದು ತಿದ್ದುಪಡಿಯೂ ಉತ್ತರವನ್ನು ಐವತ್ತು ಪಟ್ಟು ಮೇಲೆ ಕೆಳಗೆ ಎಸೆಯುತ್ತಿದ್ದರೆ ಆ ಲೆಕ್ಕವನ್ನು ಏನೆನ್ನಬೇಕು? ದೋಷದ ವ್ಯಾಪ್ತಿ ಅಳೆಯಬೇಕಾದ ಪರಿಮಾಣಕ್ಕಿಂತ ದೊಡ್ಡದು ಎನ್ನಬೇಕು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿ ಇಂಥ ಫಲಿತಾಂಶ ತಂದರೆ ನಾನು ದಾಖಲೆ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ. ನನ್ನ ತಪ್ಪು ಗುಣಾಕಾರದಲ್ಲಿರಲಿಲ್ಲ. ಬೇಕಾದ ಉತ್ತರ ಬಂದ ಹೆಜ್ಜೆಯಲ್ಲಿ ಸೀಮೆಸುಣ್ಣ ಕೆಳಗಿಟ್ಟದ್ದು ತಪ್ಪು.

ಹುಡುಗನಿಗೆ ಬಂದ ಸಂದೇಶದ ಸಂಖ್ಯೆಯೂ ಇದೇ ಜಾತಿಯದು. 1997ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಸೆಚೆಲ್ ಮತ್ತು ಸಂಗಡಿಗರು ಒಂದು ಅಳತೆಯನ್ನು ಪ್ರಕಟಿಸಿದರು. ಸೋಯಾ ಪುಡಿಯ ಹಾಲನ್ನೇ ಕುಡಿಯುವ ಶಿಶುಗಳ ರಕ್ತದಲ್ಲಿ ಐಸೊಫ್ಲೇವೋನ್‌ಗಳ ಸಾರತೆ, ಆ ವಯಸ್ಸಿನ ಸಹಜ ಈಸ್ಟ್ರಡಯೋಲ್ ಸಾರತೆಯ 13,000ದಿಂದ 22,000 ಪಟ್ಟು ಎಂದಿತ್ತು. ಅಳತೆ ಸರಿಯಾದದ್ದೇ. ಆದರೆ ಅದು ಸಾರತೆಗಳ ಅನುಪಾತ, ಪರಿಣಾಮಗಳ ಅನುಪಾತವಲ್ಲ. ಸಂದೇಶ ಬರೆದವರು 'ಸಾರತೆ' ಎಂಬ ಪದವನ್ನು ಕೈಬಿಟ್ಟು, 'ಶಿಶು' ಎಂಬುದನ್ನೂ ಕೈಬಿಟ್ಟು, ಸಂಖ್ಯೆಯನ್ನಷ್ಟೇ ಉಳಿಸಿಕೊಂಡಿದ್ದರು.

ಹಾಗೆಂದು ಶಿಶುಗಳ ವಿಷಯದಲ್ಲಿ ಎಚ್ಚರ ಅನಗತ್ಯವಲ್ಲ. ಆ ಕುರಿಗಳಂತೆ ಶಿಶುವಿಗೂ ಅದೊಂದೇ ಆಹಾರ. ಶಿಶುವಾಗಿದ್ದಾಗ ಸೋಯಾ ಹಾಲು ಅಥವಾ ಹಸುವಿನ ಹಾಲಿನ ಪುಡಿ ಕುಡಿದಿದ್ದ 811 ಮಂದಿಯನ್ನು ಅವರ ಯೌವನದಲ್ಲಿ ಪರೀಕ್ಷಿಸಿದ ಅಮೆರಿಕದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಎರಡು ಗುಂಪುಗಳ ಬೆಳವಣಿಗೆ ಮತ್ತು ಪ್ರೌಢಾವಸ್ಥೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಸೋಯಾ ಗುಂಪಿನ ಮಹಿಳೆಯರಲ್ಲಿ ಋತುಸ್ರಾವದ ಅವಧಿ ತುಸು ಹೆಚ್ಚಿತ್ತು. 2010ರಲ್ಲಿ ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ ಈ ವಿಷಯದಲ್ಲಿ 'ಕನಿಷ್ಠ ಕಳವಳ' ಎಂಬ ದರ್ಜೆಯನ್ನು ಕೊಟ್ಟಿತು. ಶೂನ್ಯ ಎನ್ನಲಿಲ್ಲ, ಕನಿಷ್ಠ ಎಂದಿತು. ಈ ಪದದ ಆಯ್ಕೆಯಲ್ಲೇ ವಿಜ್ಞಾನದ ಶಿಸ್ತು ಇದೆ.

ದೇಹವೇ ಮಾಪಕ

ಲೆಕ್ಕದಿಂದ ತೀರ್ಮಾನ ಸಾಧ್ಯವಿಲ್ಲವೆಂದರೆ ಅಳೆಯಬೇಕು. ಅದೃಷ್ಟಕ್ಕೆ ನಮ್ಮ ದೇಹದಲ್ಲೇ ಒಂದು ಮಾಪಕವಿದೆ. ಮೆದುಳಿನ ಬುಡದ ಪಿಟ್ಯೂಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಹಾರ್ಮೋನುಗಳನ್ನು ಸ್ರವಿಸಿ ವೃಷಣ ಮತ್ತು ಅಂಡಾಶಯಗಳನ್ನು ನಡೆಸುತ್ತದೆ. ರಕ್ತದಲ್ಲಿ ಈಸ್ಟ್ರೊಜನ್ ಚಟುವಟಿಕೆ ಹೆಚ್ಚಿದರೆ ಪಿಟ್ಯೂಟರಿ ತನ್ನ ಸ್ರಾವವನ್ನು ತಗ್ಗಿಸುತ್ತದೆ. ಗಂಡಸರಲ್ಲಿ ಟೆಸ್ಟೊಸ್ಟೆರೋನ್ ಇಳಿಯುತ್ತದೆ. ನೀರಿನ ತೊಟ್ಟಿಯ ತೇಲುಗುಂಡಿನ ಕವಾಟದಂತೆ ಇದು ಋಣಾತ್ಮಕ ಪ್ರತಿಪೋಷಣೆ. ಸೋಯಾ ನಿಜವಾಗಿಯೂ ಪುರುಷನ ದೇಹದಲ್ಲಿ ಬಲವಾದ ಈಸ್ಟ್ರೊಜನ್‌ನಂತೆ ವರ್ತಿಸಿದರೆ ಈ ತೇಲುಗುಂಡು ಚಲಿಸಲೇಬೇಕು.

ಚಲಿಸುತ್ತದೆಯೇ? 2010ರಲ್ಲಿ ಹ್ಯಾಮಿಲ್ಟನ್-ರೀವ್ಸ್ ಮತ್ತು ಸಂಗಡಿಗರು ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದರು. ಸೋಯಾ ಪ್ರೋಟೀನ್ ಅಥವಾ ಐಸೊಫ್ಲೇವೋನ್ ಸೇವನೆಯಿಂದ ಪುರುಷರ ಟೆಸ್ಟೊಸ್ಟೆರೋನ್ ಬದಲಾಗಲಿಲ್ಲ. 2021ರಲ್ಲಿ ಇದನ್ನು ವಿಸ್ತರಿಸಿ 41 ಅಧ್ಯಯನಗಳನ್ನು ಸೇರಿಸಿಕೊಂಡಾಗಲೂ ಒಟ್ಟು ಟೆಸ್ಟೊಸ್ಟೆರೋನ್, ಬಿಡಿ ಟೆಸ್ಟೊಸ್ಟೆರೋನ್, ಈಸ್ಟ್ರಡಯೋಲ್, ಈಸ್ಟ್ರೋನ್ ಯಾವುದರಲ್ಲೂ ಅರ್ಥಪೂರ್ಣ ಬದಲಾವಣೆ ಸಿಗಲಿಲ್ಲ. ನನ್ನ 27 ಕೂಡ, 0.55 ಕೂಡ ಈ ಅಳತೆಯ ಮುಂದೆ ಸುಮ್ಮನಾಗಬೇಕು.

ಇದನ್ನು ಓದಿ 'ಸೋಯಾಗೆ ಹಾರ್ಮೋನು ಪರಿಣಾಮವೇ ಇಲ್ಲ' ಎನ್ನುವವರು ಇನ್ನೊಂದು ಹಳ್ಳಕ್ಕೆ ಬೀಳುತ್ತಾರೆ. ಮುಟ್ಟು ನಿಲ್ಲದ ಮಹಿಳೆಯರಲ್ಲಿ ತೇಲುಗುಂಡು ಸ್ವಲ್ಪ ಚಲಿಸುತ್ತದೆ. 1994ರಲ್ಲಿ ಕ್ಯಾಸಿಡಿ ಮತ್ತು ಸಂಗಡಿಗರು ಆರು ಮಹಿಳೆಯರಿಗೆ ದಿನಕ್ಕೆ 45 ಮಿಲಿಗ್ರಾಂ ಐಸೊಫ್ಲೇವೋನ್ ಇರುವ 60 ಗ್ರಾಂ ಸೋಯಾ ಪ್ರೋಟೀನನ್ನು ಒಂದು ತಿಂಗಳು ಕೊಟ್ಟರು. ಋತುಚಕ್ರದ ಮೊದಲ ಹಂತ ಸರಾಸರಿ ಎರಡೂವರೆ ದಿನ ಉದ್ದವಾಯಿತು; ಚಕ್ರದ ನಡುವೆ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಏರುವ ಪ್ರಮಾಣ ತಗ್ಗಿತು. 2009ರಲ್ಲಿ ಹೂಪರ್ ಮತ್ತು ಸಂಗಡಿಗರು 47 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಪರಿಣಾಮ ಉಳಿಯಿತು, ಆದರೆ ಕುಗ್ಗಿತು: ಎರಡೂ ಹಾರ್ಮೋನುಗಳಲ್ಲಿ ಸುಮಾರು ಶೇಕಡ 20ರ ಇಳಿಕೆ, ಋತುಚಕ್ರದಲ್ಲಿ ಸುಮಾರು ಒಂದು ದಿನದ ಹೆಚ್ಚಳ, ಈಸ್ಟ್ರಡಯೋಲ್ ಮಟ್ಟದಲ್ಲಿ ಬದಲಾವಣೆಯಿಲ್ಲ.

ಆರು ಮಂದಿಯಲ್ಲಿ ಎರಡೂವರೆ ದಿನ, ಹಲವು ಪ್ರಯೋಗಗಳಲ್ಲಿ ಒಂದು ದಿನ. ಸಣ್ಣ ಪ್ರಯೋಗದಲ್ಲಿ ಕಂಡ ದೊಡ್ಡ ಪರಿಣಾಮ ದೊಡ್ಡ ಲೆಕ್ಕದಲ್ಲಿ ಕುಗ್ಗುವುದನ್ನು ಸಂಖ್ಯಾಶಾಸ್ತ್ರದ ಪಾಠಕ್ಕೆ ಉದಾಹರಣೆಯಾಗಿ ಶಿಕ್ಷಕರು ಬಳಸಬಹುದು. ಮೊದಲ ವರದಿ ಸುಳ್ಳಾಗಿರಲಿಲ್ಲ. ಆದರೆ ಜನಪ್ರಿಯ ಬರಹಗಳು ಇಂದಿಗೂ ಉಲ್ಲೇಖಿಸುವುದು ಎರಡೂವರೆ ದಿನವನ್ನೇ.

2008ರ ಎರಡು ವರದಿಗಳು

ಪುರುಷರ ಭಯಕ್ಕೆ ಮುಖ್ಯ ಆಧಾರ 2008ರಲ್ಲಿ ಬಂದ ಎರಡು ವರದಿಗಳು. ಒಂದು ಅಮೆರಿಕದಲ್ಲಿ ಚವಾರೊ ಮತ್ತು ಸಂಗಡಿಗರು ಮಕ್ಕಳಾಗದ ದಂಪತಿಗಳ ಚಿಕಿತ್ಸಾಲಯದ 99 ಪುರುಷರ ಮೇಲೆ ನಡೆಸಿದ ಅಧ್ಯಯನ. ಅತಿ ಹೆಚ್ಚು ಸೋಯಾ ತಿನ್ನುವವರಲ್ಲಿ, ತಿನ್ನದವರಿಗಿಂತ ವೀರ್ಯಾಣುಗಳು ಮಿಲಿಲೀಟರಿಗೆ 41 ದಶಲಕ್ಷ ಕಡಿಮೆ ಇದ್ದವು. ಸುದ್ದಿಯಾದದ್ದು ಈ ಸಂಖ್ಯೆ. ಅದರ ಪಕ್ಕದಲ್ಲೇ ಮುದ್ರಿತವಾದ ದೋಷವ್ಯಾಪ್ತಿ 8ರಿಂದ 74 ದಶಲಕ್ಷ. ಅದು ಸುದ್ದಿಯಾಗಲಿಲ್ಲ.

ಪ್ರಬಂಧವನ್ನು ಮುಂದೆ ಓದಿದರೆ ಇನ್ನೂ ಮೂರು ಸಂಗತಿಗಳಿವೆ. ವೀರ್ಯಾಣುಗಳ ಚಲನೆಗೂ ಆಕಾರಕ್ಕೂ ಸೋಯಾಗೂ ಸಂಬಂಧ ಕಾಣಲಿಲ್ಲ. ವ್ಯತ್ಯಾಸ ಹೆಚ್ಚು ಎದ್ದು ಕಂಡದ್ದು ವೀರ್ಯಾಣು ಸಾರತೆ ಈಗಾಗಲೇ ಹೆಚ್ಚಿದ್ದವರಲ್ಲಿ ಮತ್ತು ಸ್ಥೂಲಕಾಯದವರಲ್ಲಿ. ಮೂರನೆಯದು ಅತಿ ಮುಖ್ಯ: ಐಸೊಫ್ಲೇವೋನ್‌ಗಳನ್ನು ಪ್ರತ್ಯೇಕವಾಗಿ ಲೆಕ್ಕಹಾಕಿದಾಗ ಸಂಬಂಧ ಸಾಂಖ್ಯಿಕ ಮಹತ್ವದ ಮಟ್ಟ ಮುಟ್ಟಲಿಲ್ಲ. ಆರೋಪಿ ಐಸೊಫ್ಲೇವೋನ್ ಎಂದಾದರೆ ಅದನ್ನೇ ನೇರವಾಗಿ ಹಿಡಿದಾಗ ಸಾಕ್ಷ್ಯ ಗಟ್ಟಿಯಾಗಬೇಕಿತ್ತು, ಇಲ್ಲಿ ಸಡಿಲವಾಯಿತು. ಜೊತೆಗೆ ಇದು ವೀಕ್ಷಣೆ ಮಾತ್ರ; ಪುರುಷರು ತಾವು ತಿಂದದ್ದನ್ನು ನೆನಪಿನಿಂದ ಹೇಳಿದ್ದರು. 2010ರಲ್ಲಿ 32 ಆರೋಗ್ಯವಂತ ಯುವಕರಿಗೆ ಒಂದೊಂದು ಬಗೆಯ ಪ್ರೋಟೀನನ್ನು 57 ದಿನ ಕೊಟ್ಟು ನಡೆಸಿದ ಪ್ರಯೋಗದಲ್ಲಿ, ಐಸೊಫ್ಲೇವೋನ್ ಹೆಚ್ಚಿರುವ ಸೋಯಾದಿಂದಲೂ ವೀರ್ಯದ ಗುಣಮಟ್ಟ ಬದಲಾಗಲಿಲ್ಲ.

ಇನ್ನೊಂದು ವರದಿ 60 ವರ್ಷದ ಒಬ್ಬ ವ್ಯಕ್ತಿಯದು. ಎದೆಭಾಗ ಊದಿಕೊಂಡು ನೋವಾಗಿ ಬಂದಿದ್ದರು. ರಕ್ತದ ಈಸ್ಟ್ರೊಜನ್ ಸಹಜ ಮಿತಿಯ ನಾಲ್ಕು ಪಟ್ಟಿತ್ತು. ವಿಚಾರಿಸಿದಾಗ ದಿನಕ್ಕೆ ಮೂರು ಕ್ವಾರ್ಟ್, ಅಂದರೆ ಸುಮಾರು 2.8 ಲೀಟರ್ ಸೋಯಾ ಹಾಲು ಕುಡಿಯುತ್ತಿದ್ದುದು ತಿಳಿಯಿತು. ಬಿಡಿಸಿದ ಮೇಲೆ ಎಲ್ಲ ಸರಿಹೋಯಿತು. 2011ರಲ್ಲಿ ಹತ್ತೊಂಬತ್ತರ ಯುವಕನೊಬ್ಬನ ಇಂಥದೇ ವರದಿ ಬಂತು. ಅವನ ಸೇವನೆ ದಿನಕ್ಕೆ ಸುಮಾರು 360 ಮಿಲಿಗ್ರಾಂ ಐಸೊಫ್ಲೇವೋನ್. ಜಪಾನಿನ ಸಾಂಪ್ರದಾಯಿಕ ಆಹಾರದಲ್ಲಿ ಅದು 30ರಿಂದ 50 ಮಿಲಿಗ್ರಾಂ. ಈ ವರದಿಗಳನ್ನು ನಗಬೇಕಾಗಿಲ್ಲ, ಅಲ್ಲಗಳೆಯಬೇಕಾಗಿಯೂ ಇಲ್ಲ. ಅತಿಯಾದ ಪ್ರಮಾಣದಲ್ಲಿ ಮನುಷ್ಯನೂ ಆಸ್ಟ್ರೇಲಿಯಾದ ಕುರಿಯ ಸ್ಥಿತಿಗೆ ಹತ್ತಿರವಾಗಬಲ್ಲ ಎಂದು ಅವು ಎಚ್ಚರಿಸುತ್ತವೆ. ಆದರೆ ನಕ್ಷೆಯಲ್ಲಿ ಅದು ಒಂದೇ ಬಿಂದು. ಒಂದು ಬಿಂದುವಿನ ಮೂಲಕ ಎಷ್ಟು ಗೆರೆ ಬೇಕಾದರೂ ಎಳೆಯಬಹುದು. ಮೆಸ್‌ನ ಪಲ್ಯದವರೆಗೂ ಎಳೆಯುವವರಿದ್ದಾರೆ.

ಭರವಸೆಯ ವ್ಯಾಪಾರ

ಇನ್ನು ಕರಪತ್ರದ ಕಡೆಗೆ. ಮುಟ್ಟು ನಿಲ್ಲುವ ಕಾಲದಲ್ಲಿ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವ ತೊಂದರೆ ಅನೇಕ ಮಹಿಳೆಯರನ್ನು ಕಾಡುತ್ತದೆ. 2012ರಲ್ಲಿ ಟಾಕು ಮತ್ತು ಸಂಗಡಿಗರ ಒಟ್ಟು ವಿಶ್ಲೇಷಣೆ, ಸೋಯಾ ಐಸೊಫ್ಲೇವೋನ್‌ನಿಂದ ಈ ತೊಂದರೆ ಹುಸಿಮದ್ದಿಗಿಂತ ಸುಮಾರು ಶೇಕಡ 20ರಷ್ಟು ಹೆಚ್ಚು ಕಡಿಮೆಯಾಯಿತು ಎಂದಿತು. 2013ರ ಕಾಕ್ರೇನ್ ಪರಿಶೀಲನೆ ಒಟ್ಟಾರೆ ನಿರ್ಣಾಯಕ ಪುರಾವೆಯಿಲ್ಲ ಎಂದಿತು. ಇಬ್ಬರೂ ಪ್ರಾಮಾಣಿಕರೇ, ಆಯ್ದುಕೊಂಡ ಪ್ರಯೋಗಗಳು, ಪ್ರಮಾಣಗಳು ಬೇರೆ. ಈ ತೊಂದರೆಯಲ್ಲಿ ಹುಸಿಮದ್ದಿನಿಂದಲೇ ಸಾಕಷ್ಟು ಉಪಶಮನ ಕಾಣುವುದರಿಂದ, ಹೋಲಿಕೆಯ ಗುಂಪಿಲ್ಲದೆ 'ನಮ್ಮ ಮಾತ್ರೆಯಿಂದ ಗುಣವಾಯಿತು' ಎನ್ನುವ ಪತ್ರಗಳಿಗೆ ಬೆಲೆಯಿಲ್ಲ.

ಫಲಿತಾಂಶಗಳು ಹೀಗೆ ಚದುರಲು ಒಂದು ಕಾರಣ ನಮ್ಮ ಕರುಳಿನಲ್ಲೇ ಇದೆ. ಡೈಡ್ಜೀನನ್ನು ಈಕ್ವೋಲ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಎಲ್ಲರಲ್ಲೂ ಇಲ್ಲ. ಪಾಶ್ಚಾತ್ಯರಲ್ಲಿ ಶೇಕಡ 25ರಿಂದ 30, ಜಪಾನ್, ಕೊರಿಯಾ, ಚೀನಾಗಳಲ್ಲಿ ಶೇಕಡ 50ರಿಂದ 60ರಷ್ಟು ವಯಸ್ಕರಷ್ಟೇ ಈಕ್ವೋಲ್ ತಯಾರಕರು. ಎರಡು ಶಿಖರಗಳಿರುವ ವಿತರಣೆಗೆ ಒಂದೇ ಸರಾಸರಿ ಕೊಟ್ಟರೆ, ಆ ಸರಾಸರಿಯ ಜಾಗದಲ್ಲಿ ಯಾರೂ ಇಲ್ಲದಿರಬಹುದು.

ಪ್ರಾಣಿಪ್ರಯೋಗಗಳನ್ನು ಓದುವಾಗಲೂ ಇದೇ ಎಚ್ಚರ ಬೇಕು. ಇಲಿಗಳು ಬಹುತೇಕ ಎಲ್ಲವೂ ಈಕ್ವೋಲ್ ತಯಾರಿಸುತ್ತವೆ. ಅಲ್ಲದೆ ಇಲಿ, ಸುಂಡಿಲಿಗಳ ರಕ್ತದಲ್ಲಿ ಬಿಡಿ ಜೆನಿಸ್ಟೀನ್ ಭಾಗ ಮನುಷ್ಯರಿಗಿಂತ ಹಲವು ಪಟ್ಟು ಹೆಚ್ಚು. ಮನುಷ್ಯರ ಸ್ತನ ಕ್ಯಾನ್ಸರ್ ಕೋಶಗಳನ್ನು ನೆಟ್ಟ ಸುಂಡಿಲಿಗಳಲ್ಲಿ ಜೆನಿಸ್ಟೀನ್ ಗೆಡ್ಡೆಯನ್ನು ಬೆಳೆಸಿದ್ದು 1990ರ ದಶಕದ ಕೊನೆಯಲ್ಲಿ ವರದಿಯಾಯಿತು. ಆದರೆ ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದ ಶಾಂಘೈನ 5,042 ಮಹಿಳೆಯರನ್ನು ಅನುಸರಿಸಿದ ಅಧ್ಯಯನ 2009ರಲ್ಲಿ ಪ್ರಕಟವಾದಾಗ, ಹೆಚ್ಚು ಸೋಯಾ ಆಹಾರ ತಿನ್ನುತ್ತಿದ್ದವರಲ್ಲಿ ಸಾವು ಮತ್ತು ರೋಗದ ಮರುಕಳಿಕೆ ಎರಡೂ ಸುಮಾರು ಶೇಕಡ 30ರಷ್ಟು ಕಡಿಮೆಯಿದ್ದವು. ಇದೂ ವೀಕ್ಷಣೆಯೇ. ಸೋಯಾ ಕ್ಯಾನ್ಸರ್ ತಡೆಯಿತು ಎಂದು ಇದು ಸಾಧಿಸುವುದಿಲ್ಲ; ಆಹಾರವಾಗಿ ತಿಂದ ಸೋಯಾ ಕೇಡು ಮಾಡಿತು ಎಂಬ ಊಹೆಗೆ ಮಾತ್ರ ಇಲ್ಲಿ ಬೆಂಬಲ ಸಿಗುವುದಿಲ್ಲ.

ಮಾತ್ರೆಯ ಮಾತು ಬೇರೆ. 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮುಟ್ಟು ನಿಂತ ಮಹಿಳೆಯರು ದಿನಕ್ಕೆ 150 ಮಿಲಿಗ್ರಾಂ ಐಸೊಫ್ಲೇವೋನನ್ನು ಐದು ವರ್ಷ ಸೇವಿಸಿದಾಗ ಕೆಲವರಲ್ಲಿ ಗರ್ಭಕೋಶದ ಒಳಪದರ ಅತಿಯಾಗಿ ಬೆಳೆಯಿತು. ಹುಸಿಮದ್ದು ಪಡೆದವರಲ್ಲಿ ಹಾಗಾಗಲಿಲ್ಲ. 2015ರಲ್ಲಿ ಯೂರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ ಎಲ್ಲ ಪುರಾವೆ ಪರಿಶೀಲಿಸಿ ಇಂಥ ಮಾತ್ರೆಗಳಿಂದ ಸ್ತನ, ಗರ್ಭಕೋಶ, ಥೈರಾಯ್ಡ್‌ಗಳಿಗೆ ಹಾನಿಯ ಸೂಚನೆಯಿಲ್ಲ ಎಂದಿತಾದರೂ, ದೀರ್ಘಕಾಲದ ಬಳಕೆಯ ಈ ಫಲಿತಾಂಶವನ್ನು ದಾಖಲಿಸಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 1999ರಲ್ಲಿ ಸೋಯಾ ಪ್ರೋಟೀನ್ ಹೃದಯಕ್ಕೆ ಒಳ್ಳೆಯದೆಂದು ಪೊಟ್ಟಣದ ಮೇಲೆ ಬರೆಯಲು ಅನುಮತಿಸಿತ್ತು. 2017ರಲ್ಲಿ ಪುರಾವೆ ಸಾಲದೆಂದು ಅದನ್ನು ಹಿಂತೆಗೆಯುವ ಪ್ರಸ್ತಾವ ಮುಂದಿಟ್ಟಿತು. 'ಸಹಜ' ಎಂಬ ಪದ ಇವ್ಯಾವುದಕ್ಕೂ ಉತ್ತರವಲ್ಲ. ಕ್ಲೋವರ್ ಹುಲ್ಲೂ ಸಹಜವೇ ಆಗಿತ್ತು.

ಪಲ್ಯದ ಪ್ರಶ್ನೆಗೆ ಉತ್ತರ

ಮೂರನೆಯ ದಿನ ಇಬ್ಬರನ್ನೂ ಕರೆದು ಹಳೆಯ ಲೆಕ್ಕವನ್ನು ಅಳಿಸಿದೆ. ಈ ಬಾರಿ ತಟ್ಟೆಯಿಂದಲೇ ಆರಂಭಿಸಿದೆವು. ಒಬ್ಬನ ಪಾಲಿಗೆ ಬರುವುದು ಸುಮಾರು 30 ಗ್ರಾಂ ಒಣ ಸೋಯಾ ಚಂಕ್ಸ್. ಅದರಲ್ಲಿ ಐಸೊಫ್ಲೇವೋನ್ 50 ಮಿಲಿಗ್ರಾಂ ಆಸುಪಾಸು. ಜಪಾನಿನವರು ದಿನವೂ ತಿನ್ನುವಷ್ಟನ್ನು ಈ ಹುಡುಗ ವಾರಕ್ಕೆರಡು ಸಲ ತಿನ್ನುತ್ತಾನೆ. ದೇಹದಲ್ಲಿ ಅದರ ಅರ್ಧಾಯು ಕೆಲವೇ ಗಂಟೆಗಳು. ಎರಡು ದಿನದೊಳಗೆ ಬಹುತೇಕ ಹೊರಹೋಗುತ್ತದೆ. ಇದೇ ಪ್ರಮಾಣವನ್ನು, ಇದಕ್ಕಿಂತ ಹೆಚ್ಚನ್ನೂ ದಿನವೂ ಕೊಟ್ಟು ಪುರುಷರ ಹಾರ್ಮೋನುಗಳನ್ನು ಅಳೆದಿದ್ದಾರೆ, ಬದಲಾವಣೆ ಸಿಕ್ಕಿಲ್ಲ.

ತಟ್ಟೆಯ ಇನ್ನೊಂದು ಬದಿಯನ್ನೂ ಬರೆದೆವು. ಆ 30 ಗ್ರಾಂನಲ್ಲಿ ಸುಮಾರು 15 ಗ್ರಾಂ ಪ್ರೋಟೀನ್ ಇದೆ. ಅನ್ನ ಸಾರೇ ಪ್ರಧಾನವಾದ ಮೆಸ್‌ನಲ್ಲಿ, ಮೊಟ್ಟೆ ತಿನ್ನದವರಿಗೆ, ಅಷ್ಟು ಕಡಿಮೆ ಬೆಲೆಗೆ ಅಷ್ಟು ಪ್ರೋಟೀನ್ ಬೇರೆಲ್ಲಿ ಸಿಗುತ್ತದೆ? ಬೀದರ್, ಬೆಳಗಾವಿ, ಧಾರವಾಡ ಜಿಲ್ಲೆಗಳ ರೈತರು ಬೆಳೆಯುವ ಕಾಳನ್ನು ಆ ಕೊಠಡಿಯವರು ಒಂದು ಸಂದೇಶ ನಂಬಿ ತಟ್ಟೆಯ ಅಂಚಿಗೆ ತಳ್ಳಿದ್ದರು. ಸುಳ್ಳು ಲೆಕ್ಕಕ್ಕೆ ಬೆಲೆ ತೆರುವವರು ಹೆಚ್ಚಾಗಿ ಇಂಥವರೇ.

ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸೋಯಾ ಆ ಮಾತ್ರೆ ಹೀರಿಕೆಯಾಗುವುದನ್ನು ತಗ್ಗಿಸಬಹುದು, ಆದ್ದರಿಂದ ಎರಡರ ನಡುವೆ ಅಂತರವಿರಬೇಕು ಎಂಬುದನ್ನೂ ಹೇಳಿದೆ. ಐಸೊಫ್ಲೇವೋನ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ಯಾರೂ ನುಂಗಬಾರದು ಎಂದೂ ಹೇಳಿದೆ.

ಶಿಕ್ಷಕ ಮಿತ್ರರಲ್ಲಿ ಒಂದು ಮನವಿ. ಇಂಥ ಸಂದೇಶವನ್ನು ಮಕ್ಕಳು ತಂದಾಗ 'ಸುಳ್ಳು' ಎಂದೋ 'ನಿಜ' ಎಂದೋ ತಕ್ಷಣ ತೀರ್ಪು ಕೊಡಬೇಡಿ. ಯಾವ ಪ್ರಾಣಿಯಲ್ಲಿ ಅಳೆದರು, ಎಷ್ಟು ಕೊಟ್ಟರು, ಸಾರತೆಯನ್ನು ಅಳೆದರೋ ಪರಿಣಾಮವನ್ನು ಅಳೆದರೋ, ಸಂಖ್ಯೆಯ ಪಕ್ಕದಲ್ಲಿ ದೋಷವ್ಯಾಪ್ತಿ ಇದೆಯೋ ಎಂಬ ನಾಲ್ಕು ಪ್ರಶ್ನೆಗಳನ್ನು ಅವರಿಂದಲೇ ಕೇಳಿಸಿ. ನಮಗೆ ಇಷ್ಟವಾದ ಉತ್ತರ ಬಂದಾಗಲೂ ಇವೇ ಪ್ರಶ್ನೆಗಳನ್ನು ಕೇಳಬೇಕು. ಕರಿಹಲಗೆಯ ಮೇಲೆ 0.55 ಎಂದು ಬರೆದು ಗೆದ್ದೆನೆಂದುಕೊಂಡಾಗ ನಾನು ಕೇಳಿಕೊಳ್ಳಲಿಲ್ಲ. ಪ್ರಾಣಿವಿಜ್ಞಾನದ ಆ ಹುಡುಗಿ ಕೇಳಿದಳು.